ಕಾಯುವುದನ್ನು ಕಲಿತ ಯಂತ್ರ

ಟೀಚರ್ ಪ್ಲಗ್ ಕಿತ್ತೇಬಿಟ್ಟಳು!

ಪ್ರಶ್ನೆ ಕೇಳುತ್ತಿದ್ದ ದೊಡ್ಡ ಪರದೆ ಕಪ್ಪಾಯಿತು. ಕಂಪನಿಯಿಂದ ಅದನ್ನು ತಂದು ಗೋಡೆಗೆ ಕೂರಿಸಿದ್ದ ಎಂಜಿನಿಯರ್ ಬಾಯಿ ಬಿಟ್ಟುಕೊಂಡು ನಿಂತ.

"ಆ ಹುಡುಗಿ ಇನ್ನೂ ಯೋಚಿಸ್ತಿದ್ಳು. ಅಷ್ಟರಲ್ಲೇ ನಿಮ್ಮ ಯಂತ್ರ ಸೊನ್ನೆ ಕೊಟ್ಟು ಮುಂದಕ್ಕೆ ಹೋಯ್ತು," ಎಂದಳು ಟೀಚರ್.

ಕೊನೆಯ ಬೆಂಚಿನ ಆ ಹುಡುಗಿಗೆ ತರಗತಿಯವರೆಲ್ಲ ಇಟ್ಟ ಹೆಸರು ಆಮೆ. ಲೆಕ್ಕ ತಪ್ಪುತ್ತಿರಲಿಲ್ಲ, ಉತ್ತರ ಬಾಯಿಗೆ ಬರಲು ತಡವಾಗುತ್ತಿತ್ತು, ಅಷ್ಟೇ. ಟೀಚರ್ ಪ್ರಶ್ನೆ ಕೇಳಿ ಕಿಟಕಿಗೆ ಒರಗಿ ನಿಲ್ಲುತ್ತಿದ್ದಳು. ಉತ್ತರ ಬಂದೇ ಬರುತ್ತಿತ್ತು. ಆದರೆ ಶಾಲೆಯ ಮಾಲೀಕರಿಗೆ ಪಕ್ಕದ ಬೀದಿಯ ಶಾಲೆಯೊಂದಿಗೆ ಪೈಪೋಟಿ. ಯಂತ್ರ ಕೊಟ್ಟ ಅಂಕದಲ್ಲಿ ಹಿಂದೆ ಬಿದ್ದವರು ಬೇರೆ ಶಾಲೆ ನೋಡಿಕೊಳ್ಳಲಿ ಎಂದು ತೀರ್ಮಾನಿಸಿದ್ದರು. ಮೊದಲು ಹೋಗಬೇಕಾದವಳು ಆಮೆಯೇ.

ಎಂಜಿನಿಯರ್ ಕೋಪಿಸಿಕೊಳ್ಳಲಿಲ್ಲ. ಮರುದಿನವೂ ಬಂದ, ಅದರ ಮರುದಿನವೂ ಬಂದ. ಪುಟ್ಟ ಬೆಂಚಿನಲ್ಲಿ ಉದ್ದ ಕಾಲು ಮಡಚಿ ಕುಳಿತು ಟೀಚರ್ ಪಾಠ ಕೇಳಿದ. ಬಿಡುವಿನಲ್ಲಿ ಚಹಾ, ಜಗಳ, ಮತ್ತೆ ಚಹಾ. "ಯಂತ್ರದವರು ಇವತ್ತೂ ಬಂದ್ರಾ?" ಎಂದು ಆಯಾ ಕಣ್ಣು ಮಿಟುಕಿಸಿದಾಗ ಟೀಚರ್ ಕಿವಿ ಕೆಂಪಾಯಿತು.

ಅಯ್ಯೋ, ಈ ಮನಸ್ಸಿಗೂ ಒಂದು ಪ್ಲಗ್ ಇರಬಾರದಿತ್ತೇ...

ಮಾಲೀಕರು ಕರೆದ ಸಭೆಯಲ್ಲಿ ಅವಳು ಎಲ್ಲರೆದುರು ಅವನನ್ನೇ ಕೇಳಿದಳು, "ನೀವೇ ಹೇಳಿ. ಆ ಮಗು ದಡ್ಡಿನಾ?"

ಅವನು ಮಾತಾಡಲಿಲ್ಲ. ಅವಳು ಎದ್ದು ಹೊರಟೇಹೋದಳು.

ಸಂಬಳ ಕೊಡುವ ಕಂಪನಿಗಿಂತ ನನ್ನ ಮಾತು ಹೆಚ್ಚೇ ಅವನಿಗೆ? ದಿಂಬಿಗೆ ಮುಖ ಒತ್ತಿ ಅತ್ತಳು. ಅತ್ತು ಮುಗಿಸಿ ಮುಖ ತೊಳೆದಳು. ಅವನು ಬೇಕಾದರೆ ಹೋಗಲಿ, ಆಮೆಯನ್ನು ಮಾತ್ರ ಬಿಟ್ಟುಕೊಡುವವಳಲ್ಲ ಎಂದುಕೊಂಡು, ಆಮೆಯ ಅಮ್ಮನ ಜೊತೆ ಮಕ್ಕಳ ಮನೆಮನೆ ಹತ್ತಿ ಇಳಿದಳು. ಆ ವಾರವೇ ಅಪ್ಪ ಅಮ್ಮಂದಿರು ಮಾಲೀಕರ ಬಾಗಿಲಿಗೆ ಬಂದು, ಯಂತ್ರ ಇರಲಿ, ಆದರೆ ಮಕ್ಕಳಿಗೆ ಯೋಚಿಸಲು ಬಿಡಲಿ ಎಂದರು. ಮಾಲೀಕರು ಇನ್ನೊಂದು ಪರೀಕ್ಷೆಗೆ ಒಪ್ಪಲೇಬೇಕಾಯಿತು.

ಎಂಜಿನಿಯರ್ ಬಂದು ಪರದೆ ಆನ್ ಮಾಡಿದ. ಪ್ರಶ್ನೆ ಬಂತು. ಆಮೆ ಸೂರು ನೋಡಿದಳು. ಯಂತ್ರ ಸುಮ್ಮನಿತ್ತು. ಮಾಲೀಕರು ಕುರ್ಚಿಯಲ್ಲಿ ಮಿಸುಕಾಡಿದರು. ಯಂತ್ರ ಆಗಲೂ ಸುಮ್ಮನೇ ಇತ್ತು.

"ನಲವತ್ತೆರಡು," ಎಂದಳು ಆಮೆ.

ಸರಿ! ಒಂದಾದ ಮೇಲೊಂದು ಎಲ್ಲವೂ ಸರಿ. ಮಾಲೀಕರು, ಇಲ್ಲೇ ಓದಿಕೊಂಡಿರಲಿ ಬಿಡಿ ಎಂದು ಗೊಣಗಿ ಎದ್ದರು.

ಮಕ್ಕಳು ಹೋದ ಮೇಲೆ ಅವನು ನಡೆದದ್ದು ಹೇಳಿದ. ಯಂತ್ರ ಉತ್ತರಕ್ಕೆ ಕಾಯುವಂತೆ ಮಾಡೋಣ ಎಂದಾಗ, ನಿಧಾನದ ಯಂತ್ರವನ್ನು ಯಾರೂ ಕೊಳ್ಳುವುದಿಲ್ಲ ಎಂದಿತ್ತಂತೆ ಕಂಪನಿ. ಹಾಗಾದರೆ ನನ್ನ ಕೆಲಸ ಬೇರೆಯವರಿಗೆ ಕೊಡಿ ಎಂದು ಇವನೂ ಪಟ್ಟು ಹಿಡಿದಿದ್ದ. ಅಪ್ಪ ಅಮ್ಮಂದಿರ ಗಲಾಟೆ ಕಿವಿಗೆ ಬಿದ್ದ ಮೇಲೆ ಕಂಪನಿಯವರು ಬಗ್ಗಿದ್ದರು.

"ಅವತ್ತು ದಡ್ಡಿ ಅಲ್ಲ ಅಂತ ಬಾಯಲ್ಲಿ ಹೇಳಿದ್ರೆ ಸಾಕಿತ್ತಾ? ಯಂತ್ರ ಬದಲಾಯಿಸೋದು ಹೇಗೆ ಅಂತ ಯೋಚಿಸ್ತಿದ್ದೆ. ನೀವು ಕಾಯಲೇ ಇಲ್ಲ."

ಅವಳು ನಾಚಿಕೆಯಿಂದ ತಲೆ ತಗ್ಗಿಸಿದಳು. ಊರಿಗೆಲ್ಲ ಕಾಯುವುದನ್ನು ಕಲಿಸಲು ಹೊರಟವಳು ಇವನಿಗಾಗಿ ಒಂದು ಗಳಿಗೆ ಕಾದಿರಲಿಲ್ಲ.

"ತಪ್ಪಾಯ್ತು. ಇನ್ನೊಂದು ಪ್ರಶ್ನೆ ಕೇಳ್ಲಾ?... ನನ್ನ ಮದುವೆ ಆಗ್ತೀರಾ?"

ಅವನು ಸೂರು ನೋಡಿದ. ಅವಳು ಕಿಟಕಿಗೆ ಒರಗಿ ನಿಂತಳು. ಪೊರಕೆ ಹಿಡಿದು ಬಂದ ಆಯಾ ಇಬ್ಬರನ್ನೂ ನೋಡಿ ಹಾಗೇ ಹಿಂದಕ್ಕೆ ಹೋದಳು. ಟೀಚರ್ ಕದಲಲಿಲ್ಲ.

"ಹೂಂ," ಎಂದ ಕೊನೆಗೆ. "ತುಂಬ ಹೊತ್ತಾಯ್ತಾ?"

"ಆಗ್ಲಿ ಬಿಡಿ," ಎಂದಳು, ಕಣ್ಣೊರೆಸಿಕೊಳ್ಳುತ್ತ. "ಉತ್ತರ ಸರಿ ಇದೆ."