ಅಕ್ಕನ ಓಟಕ್ಕೆ ಇಬ್ಬರು ಕೋಚ್

"ನಿಲ್ಲಬೇಡ! ಹಾಗೇ ಓಡ್ತಾ ಇರು!" ಅಂದರು ಅಪ್ಪ.

"ನಿಲ್ಲು! ಒಂದು ನಿಮಿಷ ನಡಿ, ಆಮೇಲೆ ಜೋರಾಗಿ ಓಡು!" ಅಂದ ಮಾವ.

ಮೈದಾನದ ನಡುವೆ ಅಕ್ಕ ಕಂಗಾಲಾಗಿ ಇಬ್ಬರನ್ನೂ ನೋಡಿದಳು. ಸ್ಟಾಪ್‌ವಾಚ್ ಹಿಡಿದಿದ್ದ ತಂಗಿ, ಐದನೇ ಕ್ಲಾಸಿನ ಚಿನಕುರುಳಿಗೆ, ಯಾವಾಗ ಗುಂಡಿ ಒತ್ತಬೇಕೋ ತಿಳಿಯಲಿಲ್ಲ.

ಅಕ್ಕ ಸೈನ್ಯದ ಟ್ರೈನಿಂಗ್‌ನಲ್ಲಿದ್ದಳು. ಓಟದ ಪರೀಕ್ಷೆಯಲ್ಲಿ ಇಪ್ಪತ್ತೇ ಸೆಕೆಂಡಿನಿಂದ ಫೇಲಾಗಿ, ಹತ್ತು ದಿನದ ರಜೆಗೆ ಬಂದಿದ್ದಳು. ಇನ್ನೊಮ್ಮೆ ಫೇಲಾದರೆ ಟ್ರೈನಿಂಗ್ ಮುಗಿದ ಹಾಗೇ, ಸೀದಾ ಮನೆಗೆ.

ಅಪ್ಪ ನಿವೃತ್ತ ಸೈನಿಕರು. ಒಂದೇ ಸಮ ಓಡಿದರೇ ದಮ್ಮು ಬರುವುದು ಎಂಬುದು ಅವರ ಹಟ. ಮಾವ ಪಿ.ಟಿ. ಮೇಷ್ಟ್ರು. ಜೋರಾಗಿ ಓಡಿ, ಸುಧಾರಿಸಿಕೊಂಡು, ಮತ್ತೆ ಓಡಬೇಕು ಎಂಬುದು ಅವನ ಹಟ. ಯಾರದು ಸರಿ ಎಂದು ಹೋಲಿಸಲು ಇಬ್ಬರೂ ಭಾರೀ ತಲೆ ಓಡಿಸಿದರು. ಬೆಳಿಗ್ಗೆ ಅಪ್ಪನ ಓಟ, ಸಂಜೆ ಮಾವನ ಓಟ. ಓಡುವವಳು ಮಾತ್ರ ಒಬ್ಬಳೇ!

ದಿನ ಕಳೆದಂತೆ ಟೈಮ್ ಜಾಸ್ತಿಯಾಗುತ್ತಾ ಹೋಯಿತು.

"ನೀನು ನಿಲ್ಲಿಸಿ ನಿಲ್ಲಿಸಿ ಓಡಿಸಿ ಕೆಡಿಸ್ತಿದ್ದೀಯ ಕಣಯ್ಯ!"

"ಬೆಳಿಗ್ಗೆನೇ ಅವಳನ್ನ ಹಿಂಡಿ ಹಿಪ್ಪೆ ಮಾಡ್ತೀರಲ್ಲ ಭಾವ!"

ಎಂಟನೇ ದಿನ ಬೆಳಿಗ್ಗೆ ಅಕ್ಕ ಶೂ ಕೈಯಲ್ಲಿ ಹಿಡಿದು ಕೂತಲ್ಲೇ ತೂಕಡಿಸುತ್ತಿದ್ದಳು. ಚಿನಕುರುಳಿ ಅಲುಗಾಡಿಸಿದಳು. "ಅಕ್ಕಾ, ಅಪ್ಪ, ಮಾವ ಆಗ್ಲೇ ಮೈದಾನಕ್ಕೆ ಹೋದ್ರು!"

"ಕಾಲು ಎತ್ತಕ್ಕೇ ಆಗ್ತಿಲ್ಲ ಕಣೇ." ಅಕ್ಕನ ಕಣ್ಣಲ್ಲಿ ನೀರು. "ಹೀಗೇ ಆದ್ರೆ ಈ ಸಲವೂ ಹೋಯ್ತು."

ಅಷ್ಟು ಹೇಳಿ ಹಾಸಿಗೆಗೆ ಒರಗಿದವಳು ನಿದ್ದೆಹೋದಳು. ಚಿನಕುರುಳಿ ಸ್ಟಾಪ್‌ವಾಚ್ ಎತ್ತಿಕೊಂಡಳು. ಅಪ್ಪನಿಗೆ ಹೇಳಿಬಿಡೋಣ ಎಂದು ಮೈದಾನಕ್ಕೆ ಹೋದಳು.

ಅಲ್ಲಿ ಯಾರ್ಯಾರೋ ಓಡುತ್ತಿದ್ದರು. ಅಪ್ಪ, ಮಾವ ಬೆಂಚಿನ ಮೇಲೆ ಟೈಮ್ ಬರೆದ ಪುಸ್ತಕ ಹರವಿಕೊಂಡು ಜಗಳಕ್ಕೆ ಬಿದ್ದಿದ್ದರು.

"ಅಪ್ಪಾ, ಅಕ್ಕ..."

"ಟೈಮ್ ಎಷ್ಟು? ಅದನ್ನ ಹೇಳು!" ಅಪ್ಪ ತಲೆ ಎತ್ತಲಿಲ್ಲ.

ಚಿನಕುರುಳಿ ಇನ್ನೂ ಗುಂಡಿಯೇ ಒತ್ತದ ಸ್ಟಾಪ್‌ವಾಚ್ ನೋಡಿದಳು. "ಹನ್ನೆರಡು... ಹನ್ನೆರಡು ನಿಮಿಷ, ಹತ್ತು ಸೆಕೆಂಡ್."

"ಭೇಷ್! ನಿನ್ನೆಗಿಂತ ಅರ್ಧ ನಿಮಿಷ ಕಮ್ಮಿ! ನೋಡಿದ್ಯೇನಯ್ಯಾ ನನ್ನ ಓಟದ ಮಹಿಮೆ?"

"ಬಿಡಿ ಭಾವ, ಅದು ನಿನ್ನೆ ಸಂಜೆ ನಾನು ಓಡಿಸಿದ್ದಕ್ಕೆ!"

ಅಕ್ಕ ಎಲ್ಲಿ ಎಂದು ಈಗ ಕೇಳುತ್ತಾರೆ, ಇನ್ನೇನು ಕೇಳುತ್ತಾರೆ ಎಂದು ಚಿನಕುರುಳಿ ಕಾದಳು. ಇಬ್ಬರೂ ಕೇಳಲಿಲ್ಲ.

ಅವಳು ಮನೆಗೆ ಬಂದು ಅಕ್ಕನಿಗೆ ಹೊದಿಕೆ ಹೊದಿಸಿದಳು. ಸದ್ದಾಗದಂತೆ ಬಾಗಿಲು ಹಾಕಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂತಳು. ಸಂಜೆಯ ಟೈಮ್ ಎಷ್ಟು ಹೇಳಿದರೆ ಇಬ್ಬರಿಗೂ ಖುಷಿಯಾಗುತ್ತದೆ ಎಂದು ಯೋಚಿಸತೊಡಗಿದಳು.