ಅವನು ಬಿಟ್ಟುಕೊಟ್ಟ ಫೈಲು

ಫಟ್!

ಮೂರನೇ ಬಳೆಯೂ ಒಡೆಯಿತು. ಪ್ರಿಯದರ್ಶಿನಿಯ ಹೆಬ್ಬೆರಳಿನ ಗೆಣ್ಣಿನ ಮೇಲೆ ಸಣ್ಣಗೆ ರಕ್ತ ಜಿನುಗಿತು.

ಬಸವನ ಬಾಗೇವಾಡಿಯ ಬಜಾರದಲ್ಲಿ ಬಂದಗಿಸಾಬನ ಬಳೆ ಅಂಗಡಿ. ಅವಳ ತೊಟ್ಟಿಲ ಕಾಲದಿಂದ ಅವಳ ಕೈಗೆ ಬಳೆ ಇಟ್ಟವನು ಈ ಮುದುಕನೇ.

"ಎರಡು-ಎಂಟರ ಸೈಜೂ ಏರವಲ್ದು ನೋಡವ್ವ. ಎರಡು-ಹತ್ತು ತಗೀತೇನಿ," ಎಂದ ಬಂದಗಿಸಾಬ.

ಎರಡು-ಹತ್ತು! ಅವಳಿಗೆ ಅಳು ನುಗ್ಗಿ ಬಂತು. ನಾಳೆ ಇಂಡಿ ಪಟ್ಟಣದಿಂದ ಗಂಡಿನ ಕಡೆಯವರು ಅವಳನ್ನು ನೋಡಲು ಬರುವವರಿದ್ದರು. ಇಪ್ಪತ್ತೊಂಬತ್ತು ವರ್ಷ ತುಂಬಿದ, ಹೈಸ್ಕೂಲಿನಲ್ಲಿ ಗಣಿತ ಹೇಳುವ ಹುಡುಗಿಗೆ ಇದು ಮೂರನೇ ಸಂಬಂಧ. ಹಿಂದಿನ ಎರಡೂ ಮುರಿದಿದ್ದವು.

"ಒಂದ್ ಮಾತು ಕೇಳ್ಲೇನ್ರಿ?"

ಅಂಗಡಿಯ ಮೂಲೆಯ ಸ್ಟೂಲಿನ ಮೇಲೆ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಒಬ್ಬ ಕೂತಿದ್ದ. ಅವನ ಕಣ್ಣು ಅವಳ ಕೈ ಮೇಲೇ ಇತ್ತು.

"ನಿಮ್ಮ ಚಪ್ಪಲಿ ನಂಬರೂ ಹೆಚ್ಚಾಗೈತೇನ್ರಿ? ಹಲ್ಲಿನ ಸಂದಿ ಅಗಲ ಆಗ್ಯಾವೇನು?"

"ಏನ್ರೀ!" ಪ್ರಿಯದರ್ಶಿನಿ ಕೆಂಡಾಮಂಡಲವಾದಳು. "ದನದ ಸಂತ್ಯಾಗ ಆಕಳ ಹಲ್ಲು ನೋಡಿದಂಗ ನೋಡಾಕತ್ತೀರಲ್ಲ! ಮಾನ ಮರ್ಯಾದಿ ಐತೋ ಇಲ್ಲೋ?"

ಪಾಪ, ಅವನ ಮುಖ ಬಾಡಿಹೋಯಿತು. "ಕೇಳೂ ರೀತಿ ತಪ್ಪಾತ್ರಿ... ಆದ್ರ ಪ್ರಶ್ನಿ ತಪ್ಪಲ್ಲ."

ಅವನ ಹೆಸರು ಮಾಳಿಂಗರಾಯ. ಸಿಂದಗಿ ತಾಲ್ಲೂಕಿನ ಮೋರಟಗಿಯವನು. ವಿಜಯಪುರದ ಒಂದು ಆಸ್ಪತ್ರೆಯಲ್ಲಿ ಹಾರ್ಮೋನು ಕಾಯಿಲೆಗಳ ಸಂಶೋಧನೆಗೆ ಊರೂರು ತಿರುಗುವ ಕೆಲಸ. ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಪುಟ್ಟ ಗ್ರಂಥಿ ಇದೆ. ಅದರಲ್ಲಿ ಗಡ್ಡೆಯಾದರೆ ದೊಡ್ಡವರಾದ ಮೇಲೂ ಕೈ, ಕಾಲು, ದವಡೆ ಬೆಳೆಯುತ್ತಲೇ ಹೋಗುತ್ತವೆ. ನಿಧಾನಕ್ಕೆ ಬೆಳೆಯುವುದರಿಂದ ಮನೆಯವರಿಗೂ ತಿಳಿಯುವುದಿಲ್ಲ, ಕನ್ನಡಿಗೂ ತಿಳಿಯುವುದಿಲ್ಲ. ಆದರೆ ಬಳೆಗಾರನಿಗೆ? ಅವನಿಗೆ ತಿಳಿಯುತ್ತದೆಯೇ ಎಂದು ಪರೀಕ್ಷಿಸಲು ಹೊರಟ ಸಂಶೋಧನೆ ಅದು.

"ನಾನ ಇವರಿಗೆ ನಿನ್ನ ಸುದ್ದಿ ಹೇಳಿದ್ನವ್ವ," ಎಂದ ಬಂದಗಿಸಾಬ ಮೆಲ್ಲಗೆ. "ಮೈ ಬಂದ್ರ ಮುಂಗೈ ತುಂಬತೈತಿ. ಗೆಣ್ಣಿನ ಎಲುಬು ಬೆಳೆಯಾಂಗಿಲ್ಲ. ಐದು ವರ್ಷದಾಗ ನಿನ್ನ ಕೈ ಎರಡು ಸೈಜ್ ಬೆಳದೈತಿ."

ಅವಳು ಮಾಳಿಂಗರಾಯ ಕೊಟ್ಟ ಫೋನ್ ನಂಬರಿನ ಚೀಟಿಯನ್ನು ಬ್ಯಾಗಿಗೆ ತುರುಕಿ, ತಿರುಗಿಯೂ ನೋಡದೆ ತನ್ನೂರು ಮನಗೂಳಿಯ ಬಸ್ಸು ಹತ್ತಿದಳು.

ಮರುದಿನ ಬಂದವರು ಚಹಾ ಕುಡಿದರು. ಹೋಗುವಾಗ ಗಂಡಿನ ಸೋದರತ್ತೆ ಬಾಗಿಲಲ್ಲೇ ಹೇಳಿದ್ದು ಒಳಗೆ ಕೇಳಿಸಿತು: "ಹುಡುಗಿ ಶ್ಯಾಣ್ಯಾ ಅದಾಳ ಖರೆ... ಆದ್ರ ಕೈ ನೋಡೀರೇನು? ಗಂಡಸಿನ ಕೈ ಇದ್ದಂಗ ಅದಾವ!"

ಆ ಸಂಜೆ ಅವಳು ಚೀಟಿ ಹುಡುಕಿ ಫೋನ್ ಮಾಡಿದಳು.

*

ಆಸ್ಪತ್ರೆಯ ಪರೀಕ್ಷೆ ಎಂದರೆ ಸಿಹಿ ಸಿಹಿ ಗ್ಲುಕೋಸ್ ನೀರು ಕುಡಿದು, ಅರ್ಧ ತಾಸಿಗೊಮ್ಮೆ ರಕ್ತ ಕೊಡುವುದು. ಮಾಳಿಂಗರಾಯ ಎದುರಿಗೆ ಕೂತು ವೇಳೆ ಬರೆದುಕೊಳ್ಳುತ್ತಿದ್ದ.

"ಸಕ್ಕರಿ ಹೊಟ್ಟಿಗೆ ಬಿದ್ರ ಬೆಳವಣಿಗಿ ಹಾರ್ಮೋನು ಇಳೀಬೇಕ್ರಿ. ಇಳೀಲಿಲ್ಲ ಅಂದ್ರ ಗ್ರಂಥಿ ಯಾರ ಮಾತೂ ಕೇಳಾಕತ್ತಿಲ್ಲ ಅಂತ."

"ನಮ್ಮ ಎಂಟನೇ ಕ್ಲಾಸಿನ ಹುಡುಗರಂಗ," ಎಂದುಬಿಟ್ಟಳು.

ಅವನು ನಕ್ಕ. ಅವಳೂ ನಕ್ಕಳು. ಎಷ್ಟು ದಿನವಾಗಿತ್ತೋ ನಕ್ಕು!

ಹಾರ್ಮೋನು ಇಳಿಯಲಿಲ್ಲ.

ಇನ್ನೊಂದು ದಿನ ಅವನು ಹಳೆಯ ಫೋಟೋ ತರಿಸಿದ. ಹತ್ತು ವರ್ಷಗಳಲ್ಲಿ ತೆಗೆದ ಆರು ಫೋಟೋಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಮೂಗು ಅಗಲವಾಗುತ್ತ, ತುಟಿ ದಪ್ಪವಾಗುತ್ತ, ದವಡೆ ಮುಂದೆ ಬರುತ್ತ ಹೋಗಿತ್ತು. ಪ್ರಿಯದರ್ಶಿನಿ ಬಿಕ್ಕಿ ಬಿಕ್ಕಿ ಅತ್ತಳು.

"ಅಳ್ರಿ," ಎಂದ ಅವನು. "ಆದ್ರ ನಿಮ್ಮನ್ನ ನೀವು ಬೈಕೋಬ್ಯಾಡ್ರಿ. ನೀವೇನೂ ಮಾಡಿಲ್ಲ. ಜಡ್ಡು ಐತಿ, ಹೆಸರೈತಿ, ಮದ್ದೂ ಐತಿ."

ಇಷ್ಟು ವರ್ಷ ಅವಳ ತಲೆನೋವು, ಬೆವರಿಗೆ ಉಷ್ಣ ಎಂದವರುಂಟು, ವಯಸ್ಸಾಯಿತು ಎಂದವರುಂಟು. ಅವಳ ಸಂಕಟಕ್ಕೆ ಒಂದು ಹೆಸರಿದೆ ಎಂದು ಹೇಳಿದವನು ಇವನೊಬ್ಬನೇ. ಮನಸ್ಸು ಅಲ್ಲಿಯೇ ಜಾರಿತು. ಅವಳು ಒಪ್ಪಿಕೊಳ್ಳಲು ಮಾತ್ರ ಇನ್ನೂ ಒಂದು ತಿಂಗಳು ತೆಗೆದುಕೊಂಡಳು!

ಸ್ಕ್ಯಾನಿನಲ್ಲಿ ಕಡಲೆಕಾಳಿಗಿಂತ ತುಸು ದೊಡ್ಡ ಗಡ್ಡೆ ಕಂಡಿತು. ಮೂಗಿನ ಮೂಲಕವೇ ಹೋಗಿ ತೆಗೆಯಬೇಕು ಎಂದರು ಡಾಕ್ಟರು. ಅವಳ ತಾಯಿ ಶಂಕ್ರೆವ್ವ ಹೌಹಾರಿದಳು. ಮಾಳಿಂಗರಾಯ ಮನಗೂಳಿಗೇ ಬಂದು, ಕಟ್ಟೆಯ ಮೇಲೆ ಕೂತು, ಆ ತಾಯಿಗೆ ಎರಡು ತಾಸು ತಿಳಿಸಿ ಹೇಳಿದ. ಮುಂದೆ ದಿನಕ್ಕೊಮ್ಮೆ ಫೋನು. ತಲೆನೋವು ಹೇಗಿದೆ, ಬೆವರು ಹೇಗಿದೆ ಎಂದು ಶುರುವಾದ ಮಾತು ಎಲ್ಲೆಲ್ಲಿಗೋ ಹೋಗುತ್ತಿತ್ತು.

ಆಪರೇಷನ್ನಿಗೆ ನಾಲ್ಕು ದಿನ ಇತ್ತು. ಅಂದು ಫೋನಿನಲ್ಲಿ ಬೇರೆ ದನಿ.

"ನಾನು ನಸ್ರೀನ ಅಂತ್ರಿ, ಸಿಸ್ಟರ್. ಇನ್ನ ಮುಂದ ನಿಮ್ಮ ಫೈಲು ನಾ ನೋಡ್ತೇನಿ."

"ಮಾಳಿಂಗರಾಯ ಸರ್...?"

"ಅವರು ತಾವ ಬರದುಕೊಟ್ಟು ನಿಮ್ಮ ಫೈಲು ಬಿಟ್ಟಾರ್ರಿ."

ತಾವೇ ಬರೆದುಕೊಟ್ಟು! ಅವನಿಗೆ ಮೂರು ಸಲ ಫೋನ್ ಮಾಡಿದಳು. ಮೂರನೇ ಸಲ ಎತ್ತಿದ.

"ನಸ್ರೀನ ಸಿಸ್ಟರ್ ಛಲೋ ನೋಡ್ಕೋತಾರ್ರಿ. ಆಪರೇಷನ್ ಮಾತ್ರ ಬಿಡಬ್ಯಾಡ್ರಿ," ಎಂದವನೇ ಇಟ್ಟುಬಿಟ್ಟ.

ಇನ್ನೇನು ಬೇಕು? ಆ ಆರು ಫೋಟೋ ಸಾಲಾಗಿ ನೋಡಿದವನಲ್ಲವೇ ಅವನು... ಮೊದಲನೆಯದಕ್ಕೂ ಕೊನೆಯದಕ್ಕೂ ಎಷ್ಟು ಅಂತರ ಎಂದು ಅಳೆದವನು! ನನ್ನ ಸಲಿಗೆ ಹೆಚ್ಚಾಯಿತು ಅನ್ನಿಸಿರಬೇಕು. ಇಂಡಿಯವರು ಬಾಗಿಲಲ್ಲಿ ನಿಂತು ಹೇಳಿದರು, ಇವನು ಹೇಳದೆ ಹೋದ, ಅಷ್ಟೇ.

"ನನಗ ಆಪರೇಷನ್ ಬ್ಯಾಡವ್ವ," ಎಂದಳು ಅಂದು. "ಯಾರ ಸಲುವಾಗಿ ಚಂದ ಆಗಬೇಕು ನಾನು?"

ಶಂಕ್ರೆವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಮೊದಲು ಹೆದರಿದವಳೇ ಈಗ ಗಟ್ಟಿಯಾಗಿ ಹೇಳಿದಳು: "ಚಂದ ಆಗಾಕಲ್ಲ ಮಗಳ, ಬದುಕಾಕ! ಕಣ್ಣು ಹೋಗ್ತಾವು, ಗುಂಡಿಗಿ ದೊಡ್ಡದಾಗಿ ನಿಂತೀತು ಅಂತ ಆ ಹುಡುಗ ನನಗ ಹೇಳ್ಯಾನ. ಅಂವ ಬರ್ಲಿ ಬಿಡ್ಲಿ. ನೀ ನಡಿ."

ಅವಳು ಹೋದಳು. ಗುಣವಾಗುವ ಆಸೆಯಿಂದಲ್ಲ, ಅವ್ವನ ಮುಖ ನೋಡಲಾರದೆ.

*

ಒಂದು ವರ್ಷ ಕಳೆಯಿತು.

ತಲೆನೋವು ಹೋಯಿತು. ಬೆವರು ನಿಂತಿತು. ತುಟಿ, ಬೆರಳುಗಳ ಬಾವು ಇಳಿಯಿತು. ರಕ್ತದ ವರದಿ ಸರಿಯಾದ ಜಾಗಕ್ಕೆ ಬಂದು ನಿಂತಿತು. ಆದರೆ ಬೆಳೆದ ಎಲುಬು ಬೆಳೆದದ್ದೇ. ದವಡೆ ಹಾಗೆಯೇ ಉಳಿಯಿತು.

ಸಂಶೋಧನೆಯಲ್ಲಿ ಅವಳ ಕೊನೆಯ ಭೇಟಿಯ ದಿನ ನಸ್ರೀನ ಸಹಿ ಮಾಡಿಸಿಕೊಂಡು ಫೈಲು ಮುಚ್ಚಿದಳು.

"ಇವತ್ತಿಗೆ ನೀವು ನಮ್ಮ ಅಧ್ಯಯನದಿಂದ ಹೊರಗ ಆದ್ರಿ. ಇನ್ನ ಒಂದ್ ಮಾತು ಹೇಳಬಹುದು ನಾನು." ಅವಳು ದನಿ ತಗ್ಗಿಸಿದಳು. "ಅವರು ಬರದುಕೊಟ್ಟ ಅರ್ಜಿ ನಾ ಓದೇನ್ರಿ. 'ಈ ರೋಗಿಯ ವಿಷಯದಲ್ಲಿ ನನ್ನ ಮನಸ್ಸು ತಟಸ್ಥವಾಗಿಲ್ಲ, ನಾನು ಇವರ ವರದಿ ಬರೆಯಬಾರದು' ಅಂತಿತ್ತು."

ಪ್ರಿಯದರ್ಶಿನಿ ಮುಚ್ಚಿದ ಫೈಲನ್ನು ತನ್ನತ್ತ ಎಳೆದುಕೊಂಡಳು.

"ರೋಗಿ ಮ್ಯಾಲ ಮನಸ್ಸಿಟ್ಟಾಂವ ಅವರ ವರದಿ ಮುಟ್ಟಬಾರದು, ಅಧ್ಯಯನ ಮುಗಿಯೂತನಕ ಬಾಯಿ ಬಿಡಬಾರದು. ಅದು ಇಲ್ಲಿ ಪದ್ಧತಿ. ಹೇಳಿದ್ರ ನೀವು ಅವರ ಮುಲಾಜಿಗೆ ಬಿದ್ದು ಆಪರೇಷನ್‌ಗೆ ಹೂಂ ಅಂದೀರಿ ಅಂತ ಅವರಿಗೆ ಅಂಜಿಕಿ."

"ಎಲ್ಲಿ ಅದಾರ ಈಗ?"

"ಇಂಡ್ಯಾಗ್ರಿ. ಸಾಲ್ಯಾಗ ತಪಾಸಣಿ ಶಿಬಿರ."

ಇಂಡಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಶಾಲೆಯ ಪಡಸಾಲೆಯಲ್ಲಿ ಸಾಲು ಕರಗುವವರೆಗೆ ಕಾದು, ಕೊನೆಯವಳಾಗಿ ಅವನೆದುರು ಕುರ್ಚಿ ಎಳೆದು ಕೂತಳು.

ಮಾಳಿಂಗರಾಯ ತಲೆ ಎತ್ತಿದ. ಕೈಯಲ್ಲಿದ್ದ ಪೆನ್ನು ಕೆಳಗೆ ಬಿತ್ತು.

"ನೀವು... ಹ್ಯಾಂಗದೀರಿ?"

"ಇವತ್ತು ನನ್ನ ಫೈಲು ಮುಚ್ಚಿದ್ರು. ನಸ್ರೀನ ಎಲ್ಲಾ ಹೇಳಿದ್ಲು." ಅವಳು ಬಿದ್ದ ಪೆನ್ನು ಎತ್ತಿ ಅವನೆದುರು ಕುಕ್ಕಿದಳು. "ನಿಮ್ಮ ಮುಲಾಜಿಗೆ ಹೂಂ ಅಂತೇನಿ ಅಂತ ಅಂಜಿದ್ರಿ ಅಲ್ಲ? ನೀವು ಬಿಟ್ಟು ಹೋಗಿದ್ದಕ್ಕ ನಾ ಆಪರೇಷನ್ ಬ್ಯಾಡ ಅಂದಿದ್ದೆ! ಅವ್ವ ಇರ್ಲಿಲ್ಲ ಅಂದ್ರ ಇವತ್ತು ಇಲ್ಲಿ ಕೂಡ್ತಿರ್ಲಿಲ್ಲ ನಾನು."

ಇದು ಅವನಿಗೆ ಗೊತ್ತಿರಲಿಲ್ಲ. ನಿಯಮ ಪಾಲಿಸಿದೆ, ಒಳ್ಳೆಯದು ಮಾಡಿದೆ ಎಂದುಕೊಂಡೇ ಒಂದು ವರ್ಷ ಕಳೆದಿದ್ದ.

"ಫೈಲು ಬಿಟ್ಟಿದ್ದು ಸರಿ ಇತ್ರಿ," ಎಂದ ಅವನು. ಕಣ್ಣು ತುಂಬಿದ್ದವು. "ಏನೂ ಹೇಳದ ಫೋನ್ ಇಟ್ಟಿದ್ದು ತಪ್ಪಾತು. ನಿಮ್ಮಿಂದಲ್ಲ, ಪದ್ಧತಿ ಸಲುವಾಗಿ ಬಿಟ್ಟೇನಿ ಅಂತ ಇಷ್ಟಾದ್ರೂ ಹೇಳಬೇಕಿತ್ತು. ನಿಮ್ಮ ದನಿ ಕೇಳಿದ್ರ ಮುಂದಿಂದೂ ಹೇಳಿಬಿಡ್ತೇನಿ ಅಂತ ಹೆದರಿದ್ನಿ."

"ಮುಂದಿಂದು ಅಂದ್ರ?"

"ನೀವಿಲ್ಲದ ನನಗ ಆಗಾಂಗಿಲ್ಲ ಅಂತ."

ಅವಳು ತಲೆ ತಗ್ಗಿಸಿದಳು. ಕೇಳಬೇಕೆಂದು ವರ್ಷವಿಡೀ ಹಂಬಲಿಸಿದ ಮಾತು ಇದೇ. ಆದರೂ ಒಂದು ಮುಳ್ಳು ಒಳಗೆ ಉಳಿದಿತ್ತು.

"ಗಡ್ಡಿ ಹೋತು. ಆದ್ರ ದವಡಿ ಇಷ್ಟ ಇರ್ತೈತಂತ. ಮೊದಲಿನ ಮುಖ ತಿರುಗಿ ಬರೂದಿಲ್ಲ. ಗೊತ್ತೈತಿಲ್ಲೋ?"

"ಗೊತ್ತೈತ್ರಿ."

"ಮತ್ತ?"

"ಆ ಮೊದಲಿನಾಕಿ ಯಾರೋ ನನಗ ಗುರ್ತಿಲ್ರಿ. ನಾ ಮನಸ್ಸು ಕೊಟ್ಟಿದ್ದು ಈಗ ಎದುರಿಗೆ ಕುಂತಾಕಿಗೆ."

ಪ್ರಿಯದರ್ಶಿನಿ ಅಳುತ್ತಲೇ ನಕ್ಕಳು. ಆ ಖಾಲಿ ಪಡಸಾಲೆಯಲ್ಲಿ ಅವಳೇ ಕೈ ಚಾಚಿ ಅವನ ಕೈ ಹಿಡಿದಳು.

"ಇನ್ನೊಮ್ಮೆ ನನ್ನ ಒಳ್ಳೇದಕ್ಕ ಅಂತ ನನ್ನ ಬಿಟ್ಟು ಹೋಗೂದಾದ್ರ..."

"ಹೋಗೂದಿಲ್ರಿ!"

"ಹಂಗಲ್ಲ. ನನ್ನ ಕೇಳಿ ಹೋಗ್ರಿ."

"ಕೇಳಿದ್ರ?"

"ಬ್ಯಾಡ ಅಂತೇನಿ."