ಬೆನ್ನು ಕತ್ತರಿಸಿದ ಕಾದಂಬರಿಗಳು

ಶಿವರಾಯ ಒಂದು ಕಟ್ಟು ಹಾಳೆಗಳನ್ನು ಊಟದ ಚೀಲಕ್ಕೆ ಹಾಕಿಕೊಂಡದ್ದನ್ನು ಪ್ರೇಕ್ಷಾ ನೋಡಿಬಿಟ್ಟಳು.

ಕದಿಯುವವರು ಗಡಿಬಿಡಿ ಮಾಡುತ್ತಾರೆ ಅಂದುಕೊಂಡಿದ್ದಳು ಅವಳು. ಇವನಿಗೆ ಗಡಿಬಿಡಿಯೇ ಇರಲಿಲ್ಲ. ಡಬ್ಬಿಯನ್ನು ಹೊರಗೆ ತೆಗೆದ. ಹಾಳೆಗಳ ಮೂಲೆ ಸರಿಮಾಡಿದ. ಜೋಪಾನವಾಗಿ ಒಳಗಿಟ್ಟು ಮೇಲೊಂದು ಕರವಸ್ತ್ರ ಹೊದಿಸಿದ. ಆಮೇಲೆ ತಲೆ ಎತ್ತಿದರೆ ಗಾಜಿನ ಆಚೆ ಅವಳು. ಅವನು ಬೆಚ್ಚಲಿಲ್ಲ. ಒಂದು ಹುಬ್ಬು ಏರಿಸಿ, ಏನು ಎಂಬಂತೆ ನೋಡಿ, ನಕ್ಕ.

ಆ ನಗು ಚೆನ್ನಾಗಿತ್ತು. ಅದೇ ಅವಳಿಗೆ ಸಿಟ್ಟು ತರಿಸಿದ್ದು.

ನವಿ ಮುಂಬೈನ ಮಹಾಪೆಯ ಆ ಆಫೀಸಿನಲ್ಲಿ ೨೦೧೧ರ ಆ ವರ್ಷ ಪೂರ್ತಿ ಆಸ್ಟ್ರೇಲಿಯಾ ಕಾದಂಬರಿಗಳದ್ದೇ ಕೆಲಸ. ಅಲ್ಲಿನ ಪ್ರಕಾಶನ ಸಂಸ್ಥೆಯೊಂದು, ಬಹಳ ವರ್ಷಗಳಿಂದ ಅಚ್ಚಿನಲ್ಲಿಲ್ಲದ ತಮ್ಮ ದೇಶದ ಕಾದಂಬರಿಗಳನ್ನು ಹೊಸ ಓದುಗರಿಗಾಗಿ ಮತ್ತೆ ಹೊರತರುತ್ತಿತ್ತು. ಹಳೇ ಪುಸ್ತಕದಂಗಡಿಗಳಲ್ಲಿ ಪ್ರತಿ ಹುಡುಕಿ ಕೊರಿಯರ್ ಮಾಡುತ್ತಿದ್ದರು. ಇಲ್ಲಿ ಅದರ ಬೆನ್ನು ಕತ್ತರಿಸಿ, ಹಾಳೆ ಬಿಡಿಸಿ, ಸ್ಕ್ಯಾನ್ ಮಾಡಿ, ಕಂಪ್ಯೂಟರ್ ಓದಿಕೊಟ್ಟ ಅಕ್ಷರಗಳನ್ನು ಮೂಲದ ಜೊತೆ ಹೋಲಿಸಿ ತಿದ್ದಬೇಕು. ಮೊದಲ ಓದು ಪ್ರೇಕ್ಷಾಳದ್ದು, ಎರಡನೇ ಓದು ಶಿವರಾಯನದ್ದು. ಕೆಲಸ ಮುಗಿದ ಮೇಲೆ ಹಾಳೆಗಳು ಯಂತ್ರಕ್ಕೆ ಹೋಗಿ ಚೂರಾಗಬೇಕು. ಕರಾರಿನಲ್ಲೇ ಹಾಗಿತ್ತು.

ಹಿಂದಿನ ದಿನವಷ್ಟೇ ಮ್ಯಾನೇಜರ್ ಸೋನಾಲಿ ಮೇಡಂ ಅವಳನ್ನು ಕ್ಯಾಬಿನ್ನಿಗೆ ಕರೆದು ಬಾಗಿಲು ಮುಚ್ಚಿದ್ದರು. ಬಿಡುಗಡೆಗೆ ಮೊದಲೇ ಒಂದು ಕಾದಂಬರಿ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತಿದೆ. ಒಳಗಿನವರೇ ಯಾರೋ ಕೊಟ್ಟಿದ್ದಾರೆ ಎಂದು ಕ್ಲೈಂಟಿಗೆ ಅನುಮಾನ.

“ಆ ಹೊಸ ಹುಡುಗ ಶಿವರಾಯ,” ಎಂದು ಮೇಡಂ ಹಿಂದಿಯಲ್ಲಿ ದನಿ ತಗ್ಗಿಸಿದ್ದರು. “ನೀನೂ ಕನ್ನಡದವಳು, ಅವನೂ ಕನ್ನಡದವನು. ಸ್ವಲ್ಪ ಮಾತಾಡು. ಕಣ್ಣಿಡು.”

ಪ್ರೇಕ್ಷಾಳಿಗೆ ಆ ಕೆಲಸ ಹಿಡಿಸಲಿಲ್ಲ. ಆದರೂ ತಲೆಯಾಡಿಸಿ ಬಂದಿದ್ದಳು.

*

ಅವಳದು ಡೊಂಬಿವಿಲಿ. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಹಿಂದಿ. ಕನ್ನಡ ಅಂದರೆ ಹೋಟೆಲ್ ಮ್ಯಾನೇಜರ್ ಆಗಿದ್ದ ಅಪ್ಪ ಹಟ ಹಿಡಿದು ಕಲಿಸಿದ್ದು. ಶಿವರಾಯ ಅದರ ಹಿಂದಿನ ಸ್ಟೇಷನ್ನು, ಠಾಕುರ್ಲಿಯವನು. ಅವನ ಅಪ್ಪ ಮಾನಪ್ಪ ಕಲಬುರಗಿ ಕಡೆಯಿಂದ ಗೋದಾಮಿನ ಹಮಾಲಿ ಕೆಲಸಕ್ಕೆ ಬಂದವರು. ಮಗ ಕಲ್ಯಾಣದ ಕಾಲೇಜಿನಲ್ಲಿ ಇಂಗ್ಲಿಷ್ ಬಿ.ಎ. ಮಾಡಿದ್ದ.

ಬೆಳಿಗ್ಗೆ ಇಬ್ಬರೂ ಲೋಕಲ್ ರೈಲಿನ ಬೇರೆ ಬೇರೆ ಡಬ್ಬಿಯಲ್ಲಿ ಬಂದು ಠಾಣೆಯಲ್ಲಿ ಇಳಿಯುತ್ತಿದ್ದರು. ಅಲ್ಲಿಂದ ನವಿ ಮುಂಬೈ ಕಡೆ ಹೋಗುವ ಗಾಡಿಗೆ ಒಂದೇ ಪ್ಲಾಟ್‌ಫಾರ್ಮ್. ಮರುದಿನ ಪ್ರೇಕ್ಷಾ ಬೇಕೆಂದೇ ಅವನ ಪಕ್ಕ ಹೋಗಿ ನಿಂತಳು.

“ನೀವು ಕನ್ನಡ ಅಲ್ವಾ?”

“ಹೌದ್ರಿ.” ಅವನು ಅವಳನ್ನೇ ನೋಡಿದ. “ಮೂರು ತಿಂಗಳಾತು ಎದುರಾಬದುರಾ ಕುಂತು. ಇವತ್ತ ಗೊತ್ತಾತೇನ್ರಿ?”

“ಅಲ್ಲ, ಮಾತಾಡ್ಲಿಕ್ಕೆ ಟೈಮೇ ಸಿಗುದಿಲ್ಲ ಮಾರಾಯ್ರೆ.”

“ಟೈಮ್ ಈಗ ಸಿಕ್ತು ಅಂದಂಗಾತು.”

ಆ ಮಾತಿನಲ್ಲಿ ಏನೋ ಚುಚ್ಚಿದಂತಾಯಿತು. ಇವನಿಗೆ ಗೊತ್ತಾಗಿದೆಯೇ? ಅವಳು ಮುಖ ನೋಡಿದಳು. ಮುಖ ಮಾತ್ರ ತೀರ ಸಪಾಟಾಗಿತ್ತು. ಕಣ್ಣಿನ ಕೊನೆಯಲ್ಲಷ್ಟೇ ನಗು ಇದ್ದ ಹಾಗಿತ್ತು.

ಅಂದಿನಿಂದ ಅವರು ಜೊತೆಯಾಗಿ ಹೋದರು. ಘನ್ಸೋಲಿಯಲ್ಲಿ ಇಳಿದು ಒಂದೇ ಶೇರ್ ರಿಕ್ಷಾ. ಅವಳ ಕೊಡೆ ಅವನ ಕೈಯಲ್ಲಿ, ಅವನ ಚೀಲ ಅವಳ ಮಡಿಲಲ್ಲಿ. ಚೀಲ ತೂಕವಾಗಿದ್ದ ದಿನ ಅವಳ ಮನಸ್ಸೂ ಭಾರವಾಗುತ್ತಿತ್ತು.

ಮಾತಿಗೆ ಬೇಕಾದಷ್ಟು ವಿಷಯ ಇತ್ತು. ಸ್ಕ್ಯಾನರಿನ ಕಣ್ಣಿಗೆ ಆರ್ ಮತ್ತು ಎನ್ ಅಕ್ಷರ ಸೇರಿದರೆ ಎಮ್ ಆಗಿ ಕಾಣುತ್ತಿತ್ತು. ಹಾಗಾಗಿ ಒಂದು ಕಾದಂಬರಿಯಲ್ಲಿ ಕಾರ್ನ್ ಬೆಳೆದ ಹೊಲವೆಲ್ಲ ‘ಕಾಮ್’ ಬೆಳೆದ ಹೊಲವಾಗಿಬಿಟ್ಟಿತ್ತು.

“ನಮ್ಮ ಕಡಿ ಜೋಳ ಬೆಳೀತಾರ, ಅವರ ಕಡಿ ಡಾಟ್ ಕಾಮ್ ಬೆಳೀತಾರ ನೋಡ್ರಿ,” ಎಂದ ಶಿವರಾಯ.

ಅವಳು ರಿಕ್ಷಾದಲ್ಲಿ ಎಲ್ಲರೂ ತಿರುಗಿ ನೋಡುವ ಹಾಗೆ ನಕ್ಕಳು. ನಗುವಾಗ ಅವನು ತನ್ನನ್ನೇ ನೋಡುತ್ತಿದ್ದಾನೆ ಎಂಬುದು ಅರಿವಾಯಿತು. ತಟ್ಟನೆ ಬಾಯಿ ಮುಚ್ಚಿಕೊಂಡಳು.

ಆಗ ಅವರ ಕೈಯಲ್ಲಿದ್ದದ್ದು ಒಂದು ಗೋಧಿ ಸೀಮೆಯ ಕಥೆ. ಊರಿಲ್ಲದ ಕಡೆ ಒಂದು ರೈಲು ನಿಲ್ದಾಣ. ಅಲ್ಲಿ ಚಹಾದಂಗಡಿ ನಡೆಸುವ ಹೆಂಗಸು. ವಾರಕ್ಕೊಮ್ಮೆ ಬರುವ ರೈಲಿನ ಗಾರ್ಡ್ ಮೇಲೆ ಅವಳಿಗೆ ಪ್ರೀತಿ. ದಾರಿಯ ಆಚೆ ತುದಿಯಲ್ಲಿ ಅವನಿಗೆ ಇನ್ನೊಂದು ಸಂಸಾರ ಇದೆಯೇನೋ ಎಂದು ಅವಳಿಗೆ ಸಂಶಯ. ಕೊನೆಯವರೆಗೂ ಕೇಳುವುದಿಲ್ಲ. ಒಂದು ದಿನ ಗಾರ್ಡ್ ಬೇರೆಯವನು ಬರುತ್ತಾನೆ.

“ಕೇಳ್ಬೇಕಿತ್ತು ಆಕಿ,” ಎಂದ ಅವನು.

“ಕೇಳಿದ್ರೆ ಸುಳ್ಳು ಹೇಳ್ತಿದ್ದ.”

“ಸುಳ್ಳೋ ಖರೇನೋ, ಮುಖ ನೋಡಿದ್ರ ತಿಳೀತಿತ್ತಲ್ರಿ.”

ಪ್ರೇಕ್ಷಾ ಅವನ ಮುಖ ನೋಡಿದಳು. ಏನೂ ತಿಳಿಯಲಿಲ್ಲ. ಎಡಗೆನ್ನೆಯ ಮೇಲೆ ಸಣ್ಣ ಕಲೆ ಇದೆ, ಚಹಾ ಕುಡಿದಾಗ ತುಟಿ ಒರೆಸಿಕೊಳ್ಳುವುದನ್ನು ಮರೆಯುತ್ತಾನೆ, ಇಷ್ಟೇ. ಇವನ್ನೆಲ್ಲ ಸೋನಾಲಿ ಮೇಡಂಗೆ ಹೇಳುವಂತಿರಲಿಲ್ಲ.

ಅವರು ಕೇಳಿದಾಗಲೆಲ್ಲ ಅವಳು “ಇನ್ನೂ ಏನೂ ಗೊತ್ತಾಗಿಲ್ಲ” ಎನ್ನುತ್ತಿದ್ದಳು. ಚೀಲಕ್ಕೆ ಹೋದ ಹಾಳೆಗಳ ಮಾತನ್ನು ಮಾತ್ರ ಎತ್ತುತ್ತಿರಲಿಲ್ಲ.

*

ಒಂದು ಶುಕ್ರವಾರ ಮಧ್ಯಾಹ್ನ ಅವನು ಮೆಟ್ಟಿಲ ಬಳಿ ಫೋನಿನಲ್ಲಿ ಮಾತಾಡುತ್ತಿದ್ದ. ಅವಳು ನೀರು ತುಂಬಿಸಿಕೊಳ್ಳಲು ಬಂದವಳು ನಿಂತಳು.

“ಬಾಗಿ, ನಾಳೆ ತರ್ತೀನಿ. ಯಾರಿಗೂ ಹೇಳಬ್ಯಾಡ... ಹ್ಞೂಂ, ಊಟಕ್ಕ ಅಲ್ಲೇ ಬರ್ತೀನಿ. ನೀ ಮಾಡಿದ್ದ ತಿನ್ನದ ಬಾಳ ದಿನಾತು.”

ಎಷ್ಟು ಮೆತ್ತಗಿನ ದನಿ! ತನ್ನ ಜೊತೆ ಅವನು ಎಂದೂ ಆ ದನಿಯಲ್ಲಿ ಮಾತಾಡಿರಲಿಲ್ಲ.

ಬಾಗಿ. ಯಾರು ಬಾಗಿ?

ಬಾಟ್ಲಿ ತುಂಬಿ ನೀರು ಕೈಮೇಲೆ ಹರಿಯಿತು. ಹಾಗಾದರೆ ಇಷ್ಟು ದಿನದ ನಗು, ಕೊಡೆ, ಡಾಟ್ ಕಾಮ್ ಎಲ್ಲ ತನ್ನ ಬಾಯಿ ಮುಚ್ಚಿಸಲಿಕ್ಕೇ? ಕಂಡದ್ದನ್ನು ಹೇಳದೆ ಇರಲಿ ಅಂತಲೇ?

ಅವಳು ನೇರವಾಗಿ ಕ್ಯಾಬಿನ್ನಿಗೆ ನಡೆದಳು. “ಮೇಡಂ, ಅವನು ಹಾಳೆಗಳನ್ನು ಮನೆಗೆ ಒಯ್ಯುತ್ತಾನೆ. ನಾನು ನೋಡಿದ್ದೇನೆ.”

ಹೇಳಿ ಹೊರಗೆ ಬಂದಾಗ ಹಗುರ ಆಗಬೇಕಿತ್ತು. ಆಗಲಿಲ್ಲ. ಸಂಜೆ ಅವನ ಜೊತೆ ಹೋಗಲಿಲ್ಲ. ತಲೆನೋವು ಎಂದಳು. ಅವನು ಕೊಡೆ ವಾಪಸು ಕೊಡುತ್ತಾ, “ಶುಂಠಿ ಹಾಕಿ ಚಹಾ ಕುಡೀರಿ,” ಎಂದ.

ಶನಿವಾರ ಅರ್ಧ ದಿನ. ಅವನು ಠಾಣೆಯಿಂದ ಕಲ್ಯಾಣದ ಗಾಡಿ ಹತ್ತಿದ. ಅವಳು ಲೇಡೀಸ್ ಡಬ್ಬಿ ಹತ್ತಿದಳು. ಡೊಂಬಿವಿಲಿ ಬಂತು, ಇಳಿಯಲಿಲ್ಲ. ಠಾಕುರ್ಲಿ ಬಂತು, ಅವನೂ ಇಳಿಯಲಿಲ್ಲ. ಕಲ್ಯಾಣದಲ್ಲಿ ಅವನು ಭಿವಂಡಿಯ ಬಸ್ಸು ಹತ್ತಿದಾಗ ಅವಳು ತಲೆಗೆ ಓಢಣಿ ಎಳೆದುಕೊಂಡು ಹಿಂದಿನ ಬಾಗಿಲಿನಿಂದ ಹತ್ತಿದಳು. ಏನು ಮಾಡುತ್ತಿದ್ದೇನೆ ಎಂದು ನಾಚಿಕೆಯೂ ಆಯಿತು. ಆದರೆ ಬಸ್ಸು ಹೊರಟಿತ್ತು.

ಭಿವಂಡಿಯಲ್ಲಿ ಪವರ್‌ಲೂಮ್ ಮಗ್ಗಗಳ ಖಟಖಟ ರಸ್ತೆಗೇ ಕೇಳುತ್ತಿತ್ತು. ಅವನು ಒಂದು ಗಲ್ಲಿ ಹೊಕ್ಕು ತಗಡು ಹೊದಿಸಿದ ಅಂಗಡಿಯೊಂದರ ಮುಂದೆ ಚಪ್ಪಲಿ ಬಿಟ್ಟ. ಒಳಗಿನಿಂದ ಒಬ್ಬಳು ಹುಡುಗಿ ಓಡಿಬಂದು ಚೀಲ ಕಸಿದುಕೊಂಡಳು. ಕೈತುಂಬ ಹಸಿರು ಬಳೆ, ಕೊರಳಲ್ಲಿ ತಾಳಿ.

ಪ್ರೇಕ್ಷಾ ಹಿಂದೆ ಸರಿದಳು. ತಿರುಗಬೇಕೆನ್ನುವಾಗ ಅವಳ ಚಪ್ಪಲಿ ಖಾಲಿ ಡಬ್ಬಿಯೊಂದಕ್ಕೆ ತಗುಲಿ ಸದ್ದಾಯಿತು.

“ಯಾರ್ರಿ?” ಎಂದಳು ಹುಡುಗಿ. ಆಮೇಲೆ ಕಣ್ಣರಳಿಸಿ, “ಅಣ್ಣಾ! ಆಫೀಸಿನ ಮೇಡಂ ಇವ್ರೇ ಏನು? ನೀ ಕೊಡೀ ಹಿಡಿಯೋ ಮೇಡಂ?”

ಅಣ್ಣ.

ಶಿವರಾಯ ಬಾಗಿಲಿಗೆ ಬಂದ. ಅವಳನ್ನು, ಅವಳ ಓಢಣಿಯನ್ನು, ಕೆಂಪೇರಿದ ಮುಖವನ್ನು ನೋಡಿದ. ಈ ಸಲ ಹುಬ್ಬು ಏರಲಿಲ್ಲ. “ಬರ್ರಿ ಒಳಗ,” ಎಂದಷ್ಟೇ ಹೇಳಿದ.

ಒಳಗೆ ಅಂಟಿನ ವಾಸನೆ. ಬಾಗಿಯ ಗಂಡ ಲೂಮಿನ ಆಫೀಸುಗಳಿಗೆ ರಿಜಿಸ್ಟರ್ ಬೈಂಡ್ ಮಾಡುತ್ತಿದ್ದ. ಬಾಗಿಯೂ ಆ ಕೆಲಸ ಕಲಿತಿದ್ದಳು. ಗೋಡೆಯ ಮೇಲಿನ ಹಲಗೆಯಲ್ಲಿ ಹೊಸ ಬಟ್ಟೆಯ ಬೆನ್ನು ಹೊತ್ತ ಪುಸ್ತಕಗಳು ಸಾಲಾಗಿ ನಿಂತಿದ್ದವು. ಪ್ರೇಕ್ಷಾ ಒಂದನ್ನು ತೆರೆದಳು. ಅವಳೇ ಓದಿ ತಿದ್ದಿದ ಕಾದಂಬರಿ. ಕತ್ತರಿಸಿದ ಅಂಚಿಗೆ ಹೊಸದಾಗಿ ದಾರ ಹಾಕಿ ಹೊಲಿದಿತ್ತು.

“ಹೊಸಾ ಓದುಗರಿಗೆ ಹೊಸಾ ಪುಸ್ತಕ ಬರ್ತದ, ಖರೆ,” ಎಂದ ಅವನು. “ಆದ್ರ ಇಷ್ಟು ವರ್ಷ ಉಳಕೊಂಡು ಬಂದದ್ದನ್ನ ನಾವೇ ಚೂರು ಮಾಡೋದು ನನಗ ಆಗ್ಲಿಲ್ರಿ. ತಪ್ಪು ಅಂತ ಗೊತ್ತದ. ಯಾರಿಗೂ ಕೊಟ್ಟಿಲ್ಲ, ಮಾರಿಲ್ಲ. ಒಮ್ಮೊಮ್ಮಿ ಶನಿವಾರ ಬಂದು ನೋಡ್ತೀನಿ, ಅಷ್ಟ.”

ಬಾಗಿ ರೊಟ್ಟಿ, ಪುಂಡಿಪಲ್ಯ ತಂದಿಟ್ಟಳು. ನಿನ್ನೆ ಕ್ಯಾಬಿನ್ನಿನಲ್ಲಿ ಹೇಳಿದ ಮಾತು ಪ್ರೇಕ್ಷಾಳ ಬಾಯಿಯವರೆಗೆ ಬಂತು. ಆದರೆ ಬಾಗಿ ನಗುತ್ತಾ ಇನ್ನೊಂದು ರೊಟ್ಟಿ ಹಾಕಿದಳು. ಪ್ರೇಕ್ಷಾ ಆ ಮಾತನ್ನು ರೊಟ್ಟಿಯ ಜೊತೆ ನುಂಗಿದಳು.

*

ಸೋಮವಾರ ಗೇಟಿನಲ್ಲೇ ಅವನ ಗುರುತಿನ ಕಾರ್ಡ್ ತೆಗೆದುಕೊಂಡರು.

ವಾಚ್‌ಮನ್ ಚೀಲವನ್ನು ಮೇಜಿನ ಮೇಲೆ ಸುರಿದ. ಡಬ್ಬಿ, ಬಾಚಣಿಗೆ, ಕರವಸ್ತ್ರ. ಹಾಳೆ ಒಂದೂ ಇರಲಿಲ್ಲ. “ಹಾಳೆಗಳೆಲ್ಲಿ?” ಎಂದರು ಸೋನಾಲಿ ಮೇಡಂ. “ಹಾಳೆಗಳ ವಿಷಯ ನಮಗೆ ತಿಳಿದಿದೆ.”

ಶಿವರಾಯ ತಿರುಗಿ ಪ್ರೇಕ್ಷಾಳನ್ನು ನೋಡಿದ. ಅವಳು ತಲೆ ತಗ್ಗಿಸಿದಳು. ಅವನಿಗೆ ಅಷ್ಟು ಸಾಕಿತ್ತು.

“ನನ್ನನ್ನ ಕೇಳಬಹುದಿತ್ತಲ್ರಿ,” ಎಂದ, ಮೆಲ್ಲಗೆ.

ಭಿವಂಡಿಯ ಹಲಗೆಯ ಮೇಲಿನ ಪುಸ್ತಕಗಳನ್ನೆಲ್ಲ ಅವನೇ ತಂದು ಒಪ್ಪಿಸಿದ. ಬಾಗಿ ಹೊಲಿದದ್ದು ಒಂದೂ ಉಳಿಯಲಿಲ್ಲ. ಯಂತ್ರಕ್ಕೆ ಹಾಕುವ ಮೊದಲು ಗಟ್ಟಿ ಬೆನ್ನುಗಳನ್ನು ಬ್ಲೇಡಿನಿಂದ ಬಿಡಿಸಬೇಕಾಯಿತು. ಆ ಸದ್ದು ಕೇಳಲಾರದೆ ಪ್ರೇಕ್ಷಾ ಎದ್ದು ಹೊರಗೆ ಹೋದಳು.

ಇಂಟರ್ನೆಟ್ಟಿಗೆ ಹಾಕಿದವನೂ ಅವನೇ ಎಂದು ಆಫೀಸೆಲ್ಲ ಮಾತಾಡಿತು. ಅವಳು ಆ ಪುಕ್ಕಟೆ ಪ್ರತಿಯನ್ನು ಇಳಿಸಿಕೊಂಡು ಮೊದಲ ಪುಟದಿಂದ ಓದಲು ಕುಳಿತಳು. ತೆರೆದ ಕೂಡಲೇ ಬೆರಳು ನಿಂತಿತು. ಕಥೆಗೆ ಮುಂಚೆ ಅಲ್ಲೊಂದು ಮುನ್ನುಡಿ ಇತ್ತು. ಆ ದೇಶದ ಯಾರೋ ಪ್ರೊಫೆಸರ್ ಈ ಹೊಸ ಆವೃತ್ತಿಗೆಂದು ಬರೆದದ್ದು. ಅಂಥ ಮುನ್ನುಡಿ ಮಹಾಪೆಗೆ ಬಂದೇ ಇರಲಿಲ್ಲ. ಇಲ್ಲಿಂದ ಹೋದ ಫೈಲಿಗೆ ಅದನ್ನು ಅಲ್ಲಿಯೇ ಸೇರಿಸಿದ್ದರು.

ಅವಳು ಲ್ಯಾಪ್‌ಟಾಪ್ ಎತ್ತಿಕೊಂಡೇ ಕ್ಯಾಬಿನ್ನಿಗೆ ಹೋದಳು. “ಇದು ನಮ್ಮಲ್ಲಿಂದ ಹೋದದ್ದಲ್ಲ ಮೇಡಂ. ಕ್ಲೈಂಟಿಗೆ ಹೇಳಿ. ನೀವು ಹೇಳದಿದ್ದರೆ ನಾನು ಹೇಳ್ತೇನೆ.”

ಸೋನಾಲಿ ಮೇಡಂ ಮುನ್ನುಡಿಯನ್ನು ಓದಿ ನೋಡಿದರು. ಅಂದೇ ಆಸ್ಟ್ರೇಲಿಯಾಕ್ಕೆ ಮೇಲ್ ಹೋಯಿತು. ವಾರದೊಳಗೆ ಉತ್ತರವೂ ಬಂತು. ವಿಮರ್ಶೆಗೆಂದು ಕೊಟ್ಟ ಪ್ರತಿ ಅವರ ಕಡೆಯಿಂದಲೇ ಹೊರಬಿದ್ದಿತ್ತು. ಕ್ಷಮೆ ಕೇಳಿದ್ದರು. ಹಾಳೆಗಳನ್ನು ಒಯ್ದದ್ದು ಮಾತ್ರ ಕರಾರು ಮುರಿದ ಹಾಗೆ, ಅದರ ನಿರ್ಧಾರ ನಿಮ್ಮದು ಎಂದಿದ್ದರು.

ಶಿವರಾಯನನ್ನು ವಾಪಸು ತೆಗೆದುಕೊಳ್ಳಲಿಲ್ಲ. ಆದರೆ ಕಳ್ಳ ಅಲ್ಲ ಎಂದು ಮೇಡಂ ಎಲ್ಲರೆದುರು ಹೇಳಿದರು. ಪ್ರೇಕ್ಷಾಳೇ ಹಾಗೆ ಹೇಳಿಸಿದಳು.

*

ಅವಳು ಫೋನ್ ಮಾಡಿದರೆ ಅವನು ಎತ್ತಲಿಲ್ಲ. ಅಮ್ಮ ಸುಂದರಿ, “ಎಂತ ಆಯ್ತು ನಿಂಗೆ? ಊಟ ಸರಿ ಇಲ್ಲ, ನಿದ್ದೆ ಇಲ್ಲ,” ಎಂದು ತುಳುವಿನಲ್ಲಿ ಕೇಳಿ ಅನುಮಾನದಿಂದ ನೋಡುತ್ತಿದ್ದಳು. ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಪಕ್ಕದ ಜಾಗ ಖಾಲಿ ಇರುತ್ತಿರಲಿಲ್ಲ, ಯಾರಾದರೂ ನಿಂತೇ ಇರುತ್ತಿದ್ದರು. ಅದೇ ಅವಳಿಗೆ ಕಷ್ಟವಾಗುತ್ತಿತ್ತು.

ದಸರಾ ಹತ್ತಿರ ಬಂದಾಗ ಬಾಗಿಯೇ ಫೋನ್ ಮಾಡಿದಳು. “ಅಣ್ಣಗ ಠಾಣೆದಾಗ ಕಾನೂನು ಪುಸ್ತಕ ತಿದ್ದೋ ಕೆಲಸ ಸಿಕ್ಕದ ಅಕ್ಕಾರ. ಆದ್ರ ಮಾತಿಲ್ಲ, ಕಥಿಲ್ಲ. ನೀವೊಮ್ಮಿ ಬೈಯ್ರಿ ಅವಂಗ.”

ಭಾನುವಾರ ಬೆಳಿಗ್ಗೆ ಪ್ರೇಕ್ಷಾ ಠಾಕುರ್ಲಿಯಲ್ಲಿ ಇಳಿದಳು. ಅವನು ಸ್ಟೇಷನ್ನಿನ ಹೊರಗಿನ ಚಹಾ ಗಾಡಿಯ ಬಳಿ ಪೇಪರ್ ಓದುತ್ತಿದ್ದ. ಅವಳನ್ನು ಕಂಡು ಪೇಪರ್ ಮಡಿಸಿದ. ಕಣ್ಣಲ್ಲಿ ನಗು ಇರಲಿಲ್ಲ.

“ಯಾರು ಕಳಿಸ್ಯಾರ್ರಿ ಈ ಸಲ?”

“ಯಾರೂ ಕಳಿಸಿಲ್ಲ. ನಾನೇ ಬಂದದ್ದು.”

“ಹೆಂಗ ನಂಬಲಿ?”

“ನಂಬಬೇಡಿ.” ಅವಳು ಒಂದೇ ಉಸಿರಿಗೆ ಹೇಳಿದಳು. “ನಿಮ್ಮ ಜೊತೆ ಮಾತಾಡ್ಲಿಕ್ಕೆ ನಂಗೆ ಹೇಳಿದ್ದು ಹೌದು. ಹಾಳೆ ವಿಷಯ ನಾನೇ ಹೇಳಿದ್ದು, ಅದೂ ಹೌದು. ಬಾಗಿ ಯಾರೂಂತ ಗೊತ್ತಿಲ್ಲದೆ ಹೊಟ್ಟೆಕಿಚ್ಚಲ್ಲಿ ಹೇಳಿದ್ದು. ಆದ್ರೆ ನಿಮ್ಮ ಗಾಡಿ ತಡ ಆದ ದಿನ ನಾನು ಠಾಣೆಯಲ್ಲಿ ನನ್ನ ಗಾಡಿ ಬಿಡ್ತಿದ್ದೆ. ಬಿಟ್ಟು ನಿಲ್ತಿದ್ದೆ. ಅದು ಯಾರೂ ಹೇಳಿದ್ದಲ್ಲ.”

ಚಹಾದವನು ಎರಡು ಗ್ಲಾಸು ಇಟ್ಟು ಹೋದ.

“ಅದನ್ನ ಮೇಡಂಗ ಹೇಳಿದ್ರೇನು?”

“ಇಲ್ಲ.”

“ಯಾಕ?”

“ಅದು ಅವರಿಗೆ ಬೇಕಾದ್ದಲ್ಲ.”

ಅವನ ತುಟಿಯ ಒಂದು ಕೊನೆ ಅಲುಗಿತು. ಅದನ್ನು ಮುಚ್ಚಿಡಲು ಗ್ಲಾಸು ಎತ್ತಿದ. “ನನಗ ಮೊದಲ ದಿನಾನೇ ಸಂಶೇ ಬಂದಿತ್ರಿ. ಮೂರು ತಿಂಗಳು ಮಾತಾಡದಾಕಿ ಒಮ್ಮೆಲೇ ಬಂದು ಕನ್ನಡ ಅಲ್ವಾ ಅಂದ್ರ ಯಾರಿಗೆ ಬರಾಂಗಿಲ್ಲ?”

“ಗೊತ್ತಿದ್ದೂ ಯಾಕೆ ಮಾತಾಡಿದ್ರಿ?”

“ನಾ ನಿಲ್ಲಿಸಿದ್ರ ನೀವು ಬರೋದು ನಿಲ್ತಿತ್ತಲ್ರಿ.”

ಅವಳಿಗೆ ಅಳು ಬಂತು, ನಗುವೂ ಬಂತು. ಎರಡನ್ನೂ ತಡೆಯಲು ಅತ್ತ ತಿರುಗಿ ನಿಂತಳು. ಹಿಂದೆ ಬೆಂಚು ಸರಿಸಿದ ಸದ್ದಾಯಿತು.

“ಬಾಗಿ ಹೊಲಿದದ್ದೆಲ್ಲಾ ಹೋತು,” ಎಂದ ಅವನು. “ಅದಕ್ಕ ನನಗ ಇನ್ನೂ ಸಿಟ್ಟದ.”

“ಇರ್ಲಿ.”

“ಬಾಳ ದಿನ ಇರ್ತದ.”

“ಇರ್ಲಿ ಅಂದೆ ಅಲ್ವಾ. ನಾನು ಎಲ್ಲಿಗೂ ಹೋಗುದಿಲ್ಲ.”

ಒಂದು ಗಾಡಿ ಬಂದು ನಿಂತು ಹೋಯಿತು. ಅದರ ಸದ್ದು ಇಳಿಯುವವರೆಗೂ ಅವನು ಕಾದ.

“ಚಾ ಆರ್ಲಿಕತ್ತದ,” ಎಂದ. “ಬಾ, ಕುಂದ್ರು.”

ಪ್ರೇಕ್ಷಾ ತಿರುಗಿ ನೋಡಿದಳು. “ಈಗ ಏನಂದ್ರಿ?”

“ಕುಂದ್ರು ಅಂದೆ.” ಅವನು ಬೆಂಚಿನಲ್ಲಿ ಜಾಗ ಮಾಡಿಕೊಟ್ಟ. ಮುಖ ಕಿವಿಯವರೆಗೂ ಕೆಂಪಾಗಿತ್ತು. “ಇನ್ನೂ ಬಹುವಚನ ಬೇಕೇನು ನಿನಗ?”

ಬೇಡ ಎಂದು ತಲೆಯಾಡಿಸಿ, ಅವಳು ಅವನ ಪಕ್ಕ ಕುಳಿತಳು.